ಪೋರ್ಟಿಕೋದಲ್ಲಿ ಹನ್ನೆರಡು ನಿಮಿಷ: ಮೈಸೂರಿನ ಚಳಿಗೆ ಹೈಬ್ರಿಡ್ ಕಾರು ಬಿಸಿ ಮಾಡಿದ ಒಂದು ಪ್ರಕರಣ

ಕಾರು ಮತ್ತು ಮನೆ

ಮೈಸೂರಿನ ದಕ್ಷಿಣ ಭಾಗದ ಒಂದು ಬಡಾವಣೆಯ ಮನೆ. ಯಜಮಾನರು ನಿವೃತ್ತರು, ಎರಡು ದಶಕ ಡೀಸೆಲ್ ಕಾರುಗಳನ್ನೇ ಓಡಿಸಿ ಪಳಗಿದವರು. ಮಗ ಕೊಡಿಸಿದ ಹೊಸ ಕಾರು 1.5 ಲೀಟರ್ ಪೆಟ್ರೋಲ್ ಎಂಜಿನ್ನಿನ ಸ್ಟ್ರಾಂಗ್ ಹೈಬ್ರಿಡ್, ಅಂದರೆ ವಿದ್ಯುತ್ ಮೋಟಾರಿನ ಬಲದಲ್ಲೇ ಒಂದಷ್ಟು ದೂರ ಓಡಬಲ್ಲ ಬಗೆ. ಗುರುತು ಸಿಗದಿರಲಿ ಎಂದು ಕಾರಿನ ಹೆಸರು, ಬಡಾವಣೆ, ಗ್ಯಾರೇಜುಗಳ ವಿವರ ಬಿಟ್ಟಿದ್ದೇವೆ.

ಓಡಾಟ ತೀರಾ ಚಿಕ್ಕದು. ಬೆಳಿಗ್ಗೆ ಆರಕ್ಕೆ ಕುಕ್ಕರಹಳ್ಳಿ ಕೆರೆಗೆ ವಾಕಿಂಗ್, ಬರುವಾಗ ಹಾಲು, ತರಕಾರಿ. ಎಂಟೂಕಾಲಿಗೆ ಮೊಮ್ಮಗನನ್ನು ಶಾಲೆಗೆ ಬಿಡುವುದು. ಒಂದೊಂದು ಸುತ್ತೂ ಎರಡು-ಮೂರು ಕಿಲೋಮೀಟರ್, ಎರಡರ ನಡುವೆ ಎಂಜಿನ್ ತಣ್ಣಗಾಗಲು ಬೇಕಾದಷ್ಟು ಬಿಡುವು. ದೂರದ ಪ್ರಯಾಣಕ್ಕೆ ಮಗನ ಇನ್ನೊಂದು ಕಾರಿತ್ತು, ಹಾಗಾಗಿ ಇದು ಊರು ಬಿಟ್ಟು ಹೊರಗೆ ಹೋಗಿದ್ದೇ ಅಪರೂಪ.

ಡಿಸೆಂಬರ್ ಬಂತು. ಮೈಸೂರಿನ ಚಳಿ ಎಂದರೆ ಬೆಳಗಿನ ಜಾವ 16 ಡಿಗ್ರಿ ಆಸುಪಾಸು, ಕೆಲವು ದಿನ 12–13. ಸ್ವೆಟರ್, ಮಂಕಿ ಕ್ಯಾಪ್ ಹೊರತೆಗೆಯಲು ಇಷ್ಟು ಸಾಕು. ಪೆಟ್ರೋಲ್ ಎಂಜಿನ್ನಿಗೆ ಇದು ಚಳಿಯೇ ಅಲ್ಲ. ಆದರೆ ಹಳೇ ಡೀಸೆಲ್ ಗಾಡಿಯ ಅಭ್ಯಾಸ ಬಿಡಲಿಲ್ಲ: ಕಾರನ್ನು ಮೊದಲು ಐದು ನಿಮಿಷ, ಆಮೇಲೆ ಹತ್ತು-ಹನ್ನೆರಡು ನಿಮಿಷ ಪೋರ್ಟಿಕೋದಲ್ಲೇ ಚಾಲೂ ಬಿಟ್ಟು, ಕಾಫಿ ಮುಗಿಸಿ ಹೊರಡುವುದು.

ಏನೇನು ಕೆಟ್ಟಿತು

ನಾಲ್ಕು ದೂರುಗಳು ಒಂದರ ಹಿಂದೆ ಒಂದು ಬಂದವು. ಅವನ್ನು ಬೇರೆ ಬೇರೆ ಕಾಯಿಲೆ ಎಂದು ನೋಡಿದ್ದರಿಂದಲೇ ಎರಡು ತಿಂಗಳು ಹಾಳಾಯಿತು.

ಮೊದಲನೆಯದು ಮೈಲೇಜ್. ಅಕ್ಟೋಬರಿನಲ್ಲಿ ಮೀಟರು ಲೀಟರಿಗೆ 21–22 ಕಿಲೋಮೀಟರ್ ತೋರಿಸುತ್ತಿದ್ದದ್ದು 13ಕ್ಕೆ ಇಳಿಯಿತು. ಎರಡನೆಯದು ಹೊಗೆ. ಪೋರ್ಟಿಕೋದ ಪಕ್ಕಕ್ಕೇ ಮಲಗುವ ಕೋಣೆಯ ಕಿಟಕಿ, ಬೆಳಿಗ್ಗೆ ಕೋಣೆಯಲ್ಲೆಲ್ಲ ಪೆಟ್ರೋಲ್ ವಾಸನೆ ಎಂದು ಸೊಸೆಯ ದೂರು. ಮೂರನೆಯದು ಎಂಜಿನ್ ಆಯಿಲ್ ಹಾಕುವ ಮುಚ್ಚಳದ ಒಳಗೆ ಕಂಡ ಕೆನೆಬಣ್ಣದ ಲೋಳೆ. ಡಿಪ್‌ಸ್ಟಿಕ್ ತೆಗೆದರೆ ಆಯಿಲ್ ಮಟ್ಟ ಮೇಲಿನ ಗುರುತನ್ನೂ ದಾಟಿತ್ತು. ಆಯಿಲ್ ಕಡಿಮೆಯಾದರೆ ಜನ ಗಾಬರಿಯಾಗುತ್ತಾರೆ, ಜಾಸ್ತಿಯಾದರೆ ‘ಒಳ್ಳೇದೇ ಆಯ್ತು’ ಎನ್ನುತ್ತಾರೆ. ಇಲ್ಲೂ ಹಾಗೇ ಆಯಿತು. ನಾಲ್ಕನೆಯದು, ಜನವರಿಯ ಒಂದು ಬೆಳಿಗ್ಗೆ ಕಾರು ಏಳಲೇ ಇಲ್ಲ. ಡ್ಯಾಶ್‌ಬೋರ್ಡಿನಲ್ಲಿ ದೀಪಗಳು ಮಿಣುಕಿದವು, ಒಳಗೆಲ್ಲೋ ಟಕಟಕ ಸದ್ದು, ಕಂಡಕಂಡ ಎಚ್ಚರಿಕೆ ಚಿಹ್ನೆಗಳೆಲ್ಲ ಒಟ್ಟಿಗೆ ಹತ್ತಿದವು. ಕಾರು ಹೊರಡಲು ಸಿದ್ಧ ಎಂದು ತೋರಿಸುವ ‘ರೆಡಿ’ ದೀಪ ಮಾತ್ರ ಬರಲಿಲ್ಲ.

ಪಕ್ಕದ ಮನೆಯವರು ದಬ್ಬಿ ಸ್ಟಾರ್ಟ್ ಮಾಡೋಣ ಎಂದು ಬಂದರು. ಹೈಬ್ರಿಡ್ ಕಾರನ್ನು ದಬ್ಬಿದರೆ ಉರುಳುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಇದರಲ್ಲಿ ಮಾಮೂಲಿ ಸ್ಟಾರ್ಟರ್ ಇಲ್ಲ, ಕ್ಲಚ್ ಪೆಡಲ್ ಇಲ್ಲ. ಎಂಜಿನ್ ತಿರುಗಿಸುವುದು ದೊಡ್ಡ ಬ್ಯಾಟರಿಯಿಂದ ನಡೆಯುವ ಮೋಟಾರು. ಆ ಬ್ಯಾಟರಿಯ ಬಾಗಿಲು ತೆರೆಯುವ ರಿಲೇಗೆ ಅಪ್ಪಣೆ ಕೊಡುವ ಕಂಪ್ಯೂಟರ್ ಎಚ್ಚರಗೊಳ್ಳಬೇಕಾದರೆ ಸಣ್ಣ 12 ವೋಲ್ಟ್ ಬ್ಯಾಟರಿಗೆ ಜೀವ ಇರಬೇಕು. ಆ ಬೆಳಿಗ್ಗೆ ಅಳೆದಾಗ ಅದರಲ್ಲಿ 11 ವೋಲ್ಟೂ ಇರಲಿಲ್ಲ.

ಮೊದಲು ಮಾಡಿದ ಪ್ರಯತ್ನಗಳು

ಮೈಲೇಜ್ ಇಳಿದದ್ದಕ್ಕೆ ಯಜಮಾನರು ಕಂಡುಕೊಂಡ ಕಾರಣ, ಎಂಜಿನ್ ಸಾಕಷ್ಟು ಬಿಸಿಯಾಗುತ್ತಿಲ್ಲ ಎಂಬುದು. ಅದು ನಿಜವೇ. ಆದರೆ ಮದ್ದು ತಪ್ಪಿತು: ನಿಲ್ಲಿಸಿ ಬಿಸಿ ಮಾಡುವ ಹೊತ್ತನ್ನು ಐದರಿಂದ ಹನ್ನೆರಡು ನಿಮಿಷಕ್ಕೆ ಏರಿಸಿದರು. ನಡುವೆ ಎಂಜಿನ್ ತಾನೇ ನಿಂತುಬಿಟ್ಟರೆ ಪಾರ್ಕಿಂಗಿನಲ್ಲಿಯೇ ಆಕ್ಸಿಲರೇಟರ್ ಒತ್ತಿ ಮತ್ತೆ ಎಬ್ಬಿಸುತ್ತಿದ್ದರು.

ಲೆಕ್ಕ ಹಾಕಿದರೆ ಮೈಲೇಜಿನ ಗುಟ್ಟು ಅಲ್ಲೇ ಇತ್ತು. ಇಂಥ ಎಂಜಿನ್ ತಣ್ಣಗಿರುವಾಗ ನಿಂತಲ್ಲೇ ಓಡಿದರೆ ಗಂಟೆಗೆ ಸುಮಾರು ಒಂದು ಲೀಟರ್ ಪೆಟ್ರೋಲ್ ಕುಡಿಯುತ್ತದೆ. ಹನ್ನೆರಡು ನಿಮಿಷಕ್ಕೆ ಹತ್ತಿರ ಹತ್ತಿರ 200 ಮಿಲಿ. ಬೆಳಗಿನ ಎರಡೂ ಸುತ್ತು ಸೇರಿ ಆರು ಕಿಲೋಮೀಟರಿಗೆ, 22ರ ಮೈಲೇಜಿನಲ್ಲಿ, ಬೇಕಾದದ್ದು 270 ಮಿಲಿ. ಎರಡೂ ಸೇರಿದರೆ 470 ಮಿಲಿಗೆ ಆರು ಕಿಲೋಮೀಟರ್, ಅಂದರೆ ಮೈಲೇಜ್ 13. ಮೀಟರು ಸುಳ್ಳು ಹೇಳಿರಲಿಲ್ಲ.

ಆಮೇಲೆ ಬಂದದ್ದು ದುಬಾರಿ ಪೆಟ್ರೋಲ್. ಎರಡು ಟ್ಯಾಂಕ್ ಹೈ ಆಕ್ಟೇನ್ ಹಾಕಿಸಿದರೂ ಏನೂ ಬದಲಾಗಲಿಲ್ಲ, ಬದಲಾಗುವಂಥದ್ದೂ ಅಲ್ಲ. ಆಕ್ಟೇನ್ ಎಂಬುದು ನಾಕಿಂಗ್, ಅಂದರೆ ಪೆಟ್ರೋಲ್ ಸಿಲಿಂಡರಿನಲ್ಲಿ ಅಡ್ಡಾದಿಡ್ಡಿ ಸಿಡಿಯುವುದನ್ನು ತಡೆಯುವ ಗುಣ, ಚಳಿಯಲ್ಲಿ ಬೇಗ ಆವಿಯಾಗುವ ಗುಣವಲ್ಲ. ಎಥೆನಾಲ್ ಬೆರೆತ ಇಂಧನ ಆವಿಯಾಗಲು ಬರೀ ಪೆಟ್ರೋಲಿಗಿಂತ ಹೆಚ್ಚು ಶಾಖ ಕೇಳುತ್ತದೆ ಎಂಬುದು ನಿಜ, ಆದರೆ 14–15 ಡಿಗ್ರಿಯಲ್ಲಿ ಅದನ್ನು ಕಾರಿನ ಕಂಪ್ಯೂಟರೇ ಸರಿದೂಗಿಸಿಕೊಳ್ಳುತ್ತದೆ.

ಹೊಗೆಯ ದೂರಿಗೆ ಪರಿಚಿತರೊಬ್ಬರು ಉಪಾಯ ಹೇಳಿದರು: ಬ್ರೇಕ್ ಒತ್ತದೆ ಪವರ್ ಬಟನ್ ಎರಡು ಸಲ ಅದುಮಿ, ಬರೀ ‘ಆನ್’ನಲ್ಲಿ ಬಿಡಿ, ಹೈಬ್ರಿಡ್ ಬ್ಯಾಟರಿ ಬಿಸಿಯಾಗುತ್ತದೆ, ಹೊಗೆಯೂ ಇಲ್ಲ, ಪೆಟ್ರೋಲೂ ಖರ್ಚಿಲ್ಲ. ಈ ಸಲಹೆಯಷ್ಟು ಹಾನಿ ಬೇರೆ ಯಾವುದೂ ಮಾಡಲಿಲ್ಲ. ‘ಆನ್’ ಬೇರೆ, ‘ರೆಡಿ’ ಬೇರೆ. ‘ರೆಡಿ’ ದೀಪ ಬಂದ ಮೇಲೆಯೇ ದೊಡ್ಡ ಬ್ಯಾಟರಿ ಕೂಡಿಕೊಂಡು ಸಣ್ಣ ಬ್ಯಾಟರಿಗೆ ಚಾರ್ಜ್ ಕೊಡುವುದು. ಬರೀ ‘ಆನ್’ನಲ್ಲಿ ಹೆಡ್‌ಲೈಟ್, ಬ್ಲೋವರ್, ಕಂಪ್ಯೂಟರುಗಳೆಲ್ಲ ಸಣ್ಣ ಬ್ಯಾಟರಿಯನ್ನೇ ಹೀರುತ್ತವೆ. ದೀಪ, ಬ್ಲೋವರ್ ಎರಡೂ ಓಡುತ್ತಿದ್ದರೆ 15–20 ಆಂಪಿಯರ್. ಇಪ್ಪತ್ತು ನಿಮಿಷ ಬಿಟ್ಟರೆ ಐದಾರು ಆಂಪಿಯರ್-ಅವರ್ ಹೋಯಿತು. ಆಮೇಲೆ ಹತ್ತು ನಿಮಿಷದ ಓಡಾಟದಲ್ಲಿ ಅದು ಪೂರ್ತಿ ಹಿಂದಿರುಗುವುದಿಲ್ಲ. ಮರುದಿನ ಮತ್ತೆ ಅದೇ ಸಾಲ. ಹೀಗೆ ಸಾಲ ಬೆಳೆದು ಜನವರಿಯ ಆ ಬೆಳಿಗ್ಗೆ ಕಾರು ಕೈಯೆತ್ತಿತು. ಅಂದಹಾಗೆ ದೊಡ್ಡ ಬ್ಯಾಟರಿ ‘ಆನ್’ನಲ್ಲಿ ಒಂದು ಡಿಗ್ರಿಯೂ ಬಿಸಿಯಾಗುವುದಿಲ್ಲ, ಮೈಸೂರಿನಲ್ಲಿ ಅದಕ್ಕೆ ಬಿಸಿ ಬೇಕಾಗಿಯೂ ಇಲ್ಲ.

ಗ್ಯಾಸ್ಕೆಟ್ ಬಿಚ್ಚುವ ಮುನ್ನ

ಮುಚ್ಚಳದ ಲೋಳೆ ನೋಡಿದ ಒಂದು ವರ್ಕ್‌ಶಾಪ್, ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನೊಳಗೆ ನೀರು, ಆಯಿಲ್ ಬೆರೆಯದಂತೆ ತಡೆಯುವ ಪದರ) ಹೋಗಿರಬಹುದು, ಎಂಜಿನ್ ಬಿಚ್ಚಿ ನೋಡಬೇಕು ಎಂದಿತು. ಇನ್ನೊಂದು ಕಡೆ ಫ್ಲಶ್ ಮಾಡಿ ದಪ್ಪ ಆಯಿಲ್ ಹಾಕೋಣ ಎಂದರು. ಪ್ರಕರಣ ತಿರುಗಿದ್ದು ಇಲ್ಲಿ. ಮಗ ಎರಡಕ್ಕೂ ಒಪ್ಪದೆ, ಹೈಬ್ರಿಡ್ ಕೆಲಸ ಬಲ್ಲ ಒಬ್ಬ ಮೆಕ್ಯಾನಿಕ್ಕನ್ನು ಬೆಳಿಗ್ಗೆ ಆರು ಗಂಟೆಗೇ ಮನೆಗೆ ಕರೆಸಿದರು. ಬಿಸಿಲೇರಿದ ಮೇಲೆ ವರ್ಕ್‌ಶಾಪಿಗೆ ಒಯ್ದಿದ್ದರೆ ಎಂಜಿನ್ ಅರ್ಧ ಬಿಸಿಯಾಗಿರುತ್ತಿತ್ತು, ತೊಂದರೆ ಕಣ್ಣಿಗೆ ಬೀಳುತ್ತಿರಲಿಲ್ಲ.

ಮೆಕ್ಯಾನಿಕ್ ಮೊದಲು ನೋಡಿದ್ದು ಕೂಲೆಂಟ್, ಅಂದರೆ ಎಂಜಿನ್ ತಂಪಿಡುವ ನೀರಿನ ಬಾಟಲಿ. ಗ್ಯಾಸ್ಕೆಟ್ ಸೋರಿದ್ದರೆ ಕೂಲೆಂಟ್ ಮಟ್ಟ ಇಳಿದಿರಬೇಕು, ಇಲ್ಲವೇ ಬಾಟಲಿಯಲ್ಲಿ ಎಣ್ಣೆಯ ಪಸೆ ತೇಲಬೇಕು, ಗುಳ್ಳೆ ಏಳಬೇಕು. ಮಟ್ಟ ಗುರುತಿನಲ್ಲೇ ಇತ್ತು, ಬಣ್ಣ ತಿಳಿಯಾಗಿತ್ತು. ಆಮೇಲೆ ಡಿಪ್‌ಸ್ಟಿಕ್. ಲೋಳೆ ಮುಚ್ಚಳದಲ್ಲಿ ಮತ್ತು ಅದರ ಕತ್ತಿನಲ್ಲಿ ಮಾತ್ರ, ಡಿಪ್‌ಸ್ಟಿಕ್ಕಿನ ಆಯಿಲ್‌ನಲ್ಲಿ ಬಿಳುಪಿನ ಸುಳಿವಿಲ್ಲ. ಅದನ್ನು ಟಿಶ್ಯೂ ಪೇಪರಿಗೆ ಒರೆಸಿ ಮೂಸಿದರೆ ಪೆಟ್ರೋಲ್ ಘಾಟು. ಆಯಿಲ್ ಬೆರಳ ತುದಿಯಲ್ಲಿ ನೀರಿನಂತೆ ಜಾರುತ್ತಿತ್ತು. ಮಟ್ಟ ಏರಿದ್ದು ಯಾಕೆಂದು ಆಗ ತಿಳಿಯಿತು: ಆಯಿಲ್ ಚೇಂಬರಿಗೆ ಪೆಟ್ರೋಲ್ ಸೇರಿತ್ತು.

ತಣ್ಣನೆ ಎಂಜಿನ್ ಹೊತ್ತಿಕೊಳ್ಳಲು ಪೆಟ್ರೋಲ್ ಹೆಚ್ಚು ಬೇಕು, ಕಂಪ್ಯೂಟರ್ ಹೆಚ್ಚು ಬಿಡುತ್ತದೆ. ಎಲ್ಲವೂ ಆವಿಯಾಗುವುದಿಲ್ಲ. ಉಳಿದದ್ದು ತಣ್ಣನೆ ಸಿಲಿಂಡರ್ ಗೋಡೆಗೆ ಅಂಟಿ, ಪಿಸ್ಟನ್ ರಿಂಗ್ ದಾಟಿ ಆಯಿಲ್‌ಗೆ ಇಳಿಯುತ್ತದೆ. ಜೊತೆಗೆ ನೀರು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಹುಟ್ಟುತ್ತದೆ. ಬಹುಪಾಲು ಸೈಲೆನ್ಸರಿನಿಂದ ಹಬೆಯಾಗಿ ಹೋಗುತ್ತದೆ, ಬೆಳಿಗ್ಗೆ ಕಾಣುವ ಬಿಳಿ ಹೊಗೆ ಅದೇ. ಸ್ವಲ್ಪ ಪಾಲು ರಿಂಗುಗಳ ಸಂದಿನಿಂದ ಕೆಳಗಿಳಿದು ತಣ್ಣನೆ ಮುಚ್ಚಳದಲ್ಲಿ ಹನಿಗಟ್ಟಿ ಆಯಿಲ್ ಜೊತೆ ಕಡೆದು ಲೋಳೆಯಾಗುತ್ತದೆ. ಆಯಿಲ್ 90 ಡಿಗ್ರಿ ಆಸುಪಾಸು ಕಾದು ಒಂದಷ್ಟು ಹೊತ್ತು ಹಾಗೇ ಇದ್ದರೆ ನೀರೂ ಪೆಟ್ರೋಲಿನ ಬಹುಪಾಲೂ ಆವಿಯಾಗಿ ಹೋಗುತ್ತವೆ. ಈ ಕಾರಿನ ಆಯಿಲ್ ಆ ಬಿಸಿಯನ್ನು ತಿಂಗಳುಗಟ್ಟಲೆ ಕಂಡಿರಲಿಲ್ಲ.

ಹಾಗಾದರೆ ದಿನಾ ಹನ್ನೆರಡು ನಿಮಿಷ ಬಿಸಿ ಮಾಡಿದ್ದು ಎಲ್ಲಿ ಹೋಯಿತು? ಕಾರಿನ ಕಂಪ್ಯೂಟರಿನ ಅಂಕಿಗಳನ್ನು ಓದುವ ಒಬಿಡಿ ಸ್ಕ್ಯಾನರ್ ಸಿಕ್ಕಿಸಿ, ಯಜಮಾನರು ಮಾಡುವ ಹಾಗೆಯೇ ಮಾಡಿಸಿ ನೋಡಿದರು. ‘ರೆಡಿ’ ಬಂದ ಕೆಲವೇ ಸೆಕೆಂಡಿಗೆ ಎಂಜಿನ್ ಎದ್ದು ನಿಮಿಷಕ್ಕೆ 1,200–1,300 ಸುತ್ತಿನಲ್ಲಿ ಓಡಿತು. ಮೊದಲ ಒಂದು ನಿಮಿಷ ಅದು ದುಡಿಯುವುದು ಕ್ಯಾಟಲಿಟಿಕ್ ಕನ್ವರ್ಟರ್ ಕಾಯಿಸಲು. 250–300 ಡಿಗ್ರಿ ಆಗುವ ತನಕ ಕನ್ವರ್ಟರ್ ಹೊಗೆ ಶುದ್ಧ ಮಾಡುವುದಿಲ್ಲ, ಸೊಸೆಗೆ ಬಡಿದ ವಾಸನೆ ಈ ನಿಮಿಷದ್ದು. ಹನ್ನೆರಡು ನಿಮಿಷ ಕಳೆದಾಗ ಕೂಲೆಂಟ್ 65 ಡಿಗ್ರಿ. ಕಾರಿನಡಿ ಮಲಗಿ ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಆಯಿಲ್ ಚೇಂಬರ್ ಅಳೆದರೆ 35. ನಿಂತಲ್ಲೇ ಓಡುವ ಎಂಜಿನ್ನಿಗೆ ಹೊರೆಯಿಲ್ಲ, ಹೊರೆಯಿಲ್ಲದೆ ಆಯಿಲ್‌ಗೆ ಶಾಖ ಏರುವುದಿಲ್ಲ. ಕಾದದ್ದು ನೀರು ಮಾತ್ರ.

ಸ್ಕ್ಯಾನರ್ ಕಣ್ಣಿಗೆ ಬೀಳದ ಇನ್ನೊಂದು ವಿಷಯವನ್ನು ಮೆಕ್ಯಾನಿಕ್ ಕೂತ ಜಾಗದಿಂದಲೇ ಕಂಡುಕೊಂಡರು.

“ಸಾರ್, ಎ.ಸಿ. ಟೆಂಪರೇಚರ್ ‘ಹೈ’ನಲ್ಲಿದೆಯಲ್ಲ, ಯಾರು ಇಟ್ಟಿದ್ದು?”

“ನಾನೇ. ಮಗೂಗೆ ಚಳಿ ಆಗತ್ತೆ ಅಂತ.”

ಮಿಕ್ಕ ಗಂಟು ಅಲ್ಲಿ ಬಿಚ್ಚಿತು. ಈ ಬಗೆಯ ಕಾರುಗಳಲ್ಲಿ ಎ.ಸಿ. ಕಂಪ್ರೆಸರ್ ವಿದ್ಯುತ್ತಿನಿಂದ ನಡೆಯುತ್ತದೆ, ಅದಕ್ಕೆ ಎಂಜಿನ್ ಬೇಕಿಲ್ಲ. ಹೀಟರಿಗೆ ಮಾತ್ರ ಬಿಸಿ ಕೂಲೆಂಟ್ ಬೇಕು. ಅದು ‘ಹೈ’ನಲ್ಲಿದ್ದರೆ ನೀರು ಬಿಸಿಯಾಗಿರಿಸಲು ಎಂಜಿನ್ ಮತ್ತೆ ಮತ್ತೆ ಏಳುತ್ತಲೇ ಇರುತ್ತದೆ, ಸಿಗ್ನಲ್ಲಿನಲ್ಲಿ ನಿಂತಾಗಲೂ. ಎಂಜಿನ್ನಿನ ಅಲ್ಪಸ್ವಲ್ಪ ಬಿಸಿಯನ್ನು ಹೀಟರ್ ಕಾರಿನೊಳಕ್ಕೆ ಎಳೆದುಕೊಳ್ಳುತ್ತಿದ್ದರಿಂದ ಅದು ಪೂರ್ತಿ ಕಾಯಲು ಇನ್ನಷ್ಟು ತಡವಾಗುತ್ತಿತ್ತು.

ಅನುಮಾನ ಉಳಿಯದಂತೆ ಮಾಡಿದ್ದು ಒಂದು ಹೋಲಿಕೆ. ಇದೇ ಮಾದರಿಯ ಕಾರು ಮಂಡ್ಯದಲ್ಲಿ ಅವರ ನೆಂಟರ ಬಳಿ ಇತ್ತು. ಅವರು ಕೆಲಸಕ್ಕೆ ದಿನಾ ಮೈಸೂರಿಗೆ ಬರುವವರು, ಒಂದು ಕಡೆಗೆ 45 ಕಿಲೋಮೀಟರ್. ಬೆಳಿಗ್ಗೆ ಬಟನ್ ಒತ್ತಿ, ಬೆಲ್ಟ್ ಹಾಕಿ, ಹೊರಡುವುದಷ್ಟೆ. ಮಂಡ್ಯದ ಚಳಿಯೇನೂ ಕಡಿಮೆಯಲ್ಲ. ಆ ಕಾರಿನ ಮುಚ್ಚಳ ಒಣಗಿತ್ತು, ಆಯಿಲ್ ಮಟ್ಟ ಗುರುತಿನೊಳಗಿತ್ತು. ಚಳಿ ಎರಡಕ್ಕೂ ಒಂದೇ, ಬೇರೆಯಾಗಿದ್ದದ್ದು ಒಂದೊಂದು ಸುತ್ತಿನ ಉದ್ದ ಮತ್ತು ನಿಲ್ಲಿಸಿ ಕಾಯಿಸುವ ಅಭ್ಯಾಸ.

ದಪ್ಪ ಆಯಿಲ್ ಬೇಡ ಎಂದದ್ದೇಕೆ

ಇದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಗ್ಯಾರೇಜುಗಳಲ್ಲಿ ಈ ಸಲಹೆ ದಿನಾ ಕೇಳಿಬರುತ್ತದೆ. ಹಳೇ ಡೀಸೆಲ್ ಗಾಡಿಗಳ 15ಡಬ್ಲ್ಯು-40 ಆಯಿಲ್ ಚಳಿಯಲ್ಲಿ ಗಟ್ಟಿ. ಮೇಲಿನ ಭಾಗಗಳಿಗೆ ತಲುಪಲು ಹೊತ್ತು ಹಿಡಿಯುತ್ತಿತ್ತು, ಸ್ವಲ್ಪ ಹೊತ್ತು ನಿಲ್ಲಿಸಿ ಹೊರಡುವುದರಲ್ಲಿ ಅರ್ಥವಿತ್ತು. ಹೈಬ್ರಿಡ್‌ಗಳಿಗೆ ಹೇಳಿದ್ದು 0ಡಬ್ಲ್ಯು-20 ಅಥವಾ 0ಡಬ್ಲ್ಯು-16 (‘ಡಬ್ಲ್ಯು’ಗೆ ಮುಂಚಿನ ಅಂಕಿ ಚಿಕ್ಕದಾದಷ್ಟೂ ಆಯಿಲ್ ಚಳಿಯಲ್ಲಿ ತೆಳು). ಮೈಸೂರಿನ 15 ಡಿಗ್ರಿ ಚಳಿಯಲ್ಲಿ 0ಡಬ್ಲ್ಯು-20 ಎಷ್ಟು ಗಟ್ಟಿ ಇರುತ್ತದೋ, 15ಡಬ್ಲ್ಯು-40 ನಡುಬೇಸಿಗೆಯ 35–40 ಡಿಗ್ರಿಯಲ್ಲಿ ಹೆಚ್ಚುಕಮ್ಮಿ ಅಷ್ಟೇ ಗಟ್ಟಿ. ಬೇಸಿಗೆಯಲ್ಲಿ ಯಾರೂ ಹಳೇ ಗಾಡಿಯನ್ನು ಹನ್ನೆರಡು ನಿಮಿಷ ಕಾಯಿಸುತ್ತಿರಲಿಲ್ಲ. ಇನ್ನೊಂದು ಅನುಕೂಲ: ಇಲ್ಲಿ ಎಂಜಿನ್ ತಿರುಗಿಸುವ ಮೋಟಾರು ಸಾಮಾನ್ಯ ಸ್ಟಾರ್ಟರಿಗಿಂತ ಬಹಳ ಜೋರು. ಕಿಡಿ ಹೊತ್ತುವ ಮೊದಲೇ ಎಂಜಿನ್ ವೇಗವಾಗಿ ತಿರುಗುವುದರಿಂದ ಆಯಿಲ್ ಒತ್ತಡ ಬೇಗ ಏರುತ್ತದೆ.

ಪೆಟ್ರೋಲ್ ಬೆರೆತು ತೆಳುವಾದ ಆಯಿಲ್‌ಗೆ ಮದ್ದು ಹೊಸ ಆಯಿಲ್, ದಪ್ಪ ಆಯಿಲ್ ಅಲ್ಲ. ದಪ್ಪದ್ದು ಹಾಕಿದರೆ ಅದಕ್ಕೂ ಪೆಟ್ರೋಲ್ ಇಳಿಯುತ್ತದೆ, ಜೊತೆಗೆ ದಿನಾ ಹತ್ತಾರು ಸಲ ನಿಂತು ಏಳುವ ಎಂಜಿನ್ನಿಗೆ ಬೇರೆ ಕಷ್ಟ.

ಬದಲಿಸಿದ್ದು

ಆಯಿಲ್ ಮತ್ತು ಫಿಲ್ಟರ್ ಅವಧಿಗೆ ಮೊದಲೇ ಬದಲಾಯಿತು, ಕಂಪನಿ ಹೇಳಿದ ದರ್ಜೆಯದೇ. 12 ವೋಲ್ಟ್ ಬ್ಯಾಟರಿಯನ್ನು ಬಿಚ್ಚಿ ಚಾರ್ಜರಿನಲ್ಲಿ ರಾತ್ರಿಯಿಡೀ ನಿಧಾನಕ್ಕೆ ತುಂಬಿಸಿದರು. ಮಾರನೇ ಬೆಳಿಗ್ಗೆ 12.5 ವೋಲ್ಟ್ ನಿಂತಿತ್ತು, ‘ರೆಡಿ’ಯಲ್ಲಿ 14 ಮುಟ್ಟಿತು, ಆದ್ದರಿಂದ ಹೊಸದು ಬೇಕಾಗಲಿಲ್ಲ. ಪೂರ್ತಿ ಬರಿದಾದ ಬ್ಯಾಟರಿ ಎಲ್ಲ ಸಲ ಹೀಗೆ ಚೇತರಿಸಿಕೊಳ್ಳುವುದಿಲ್ಲ, ಇಲ್ಲಿ ಅದೃಷ್ಟವೂ ಇತ್ತು.

ಬೆಳಗಿನ ಕ್ರಮ ಹೀಗಾಯಿತು. ಮೊದಲು ಗೇಟ್ ತೆಗೆದು, ಗಾಜು ಒರೆಸಿ, ಎಲ್ಲರೂ ಕೂತ ಮೇಲೆ ಬ್ರೇಕ್ ಒತ್ತಿ ಬಟನ್ ಅದುಮುವುದು. ‘ರೆಡಿ’ ಕಂಡ ಮೇಲೆ ಬೆಲ್ಟ್, ಕನ್ನಡಿ ನೋಡಿಕೊಳ್ಳುವ ಇಪ್ಪತ್ತು-ಮೂವತ್ತು ಸೆಕೆಂಡ್ ಸಾಕು. ಎಂಜಿನ್ ಸದ್ದು ಬಂದರೂ ಬರದಿದ್ದರೂ ಹೊರಡುವುದು. ಮೊದಲ ಎರಡು ಕಿಲೋಮೀಟರ್ 40ರ ಒಳಗೆ, ಆಕ್ಸಿಲರೇಟರ್ ಮೆಲ್ಲಗೆ. ಬರೀ ಮೋಟಾರಿನಲ್ಲಿ ಓಡಿಸುವ ಇ.ವಿ. ಬಟನ್ ಮುಟ್ಟುವಂತಿಲ್ಲ. ತಣ್ಣಗಿರುವಾಗ ಒತ್ತಿದರೂ ಕಾರು ಬಹುಮಟ್ಟಿಗೆ ಒಪ್ಪುವುದಿಲ್ಲ, ಒಪ್ಪಿದರೂ ಎಂಜಿನ್ ಕಾಯುವುದು ಮುಂದಕ್ಕೆ ಹೋಗುತ್ತದೆ ಅಷ್ಟೆ. ಗಾಜಿಗೆ ಮಂಜು ಕಟ್ಟಿದರೆ ಮುಂದಿನ ಗಾಜಿನ ಡಿಫಾಗ್, ಎ.ಸಿ. ಆನ್, ಹೊರಗಿನ ಗಾಳಿ. ಒಳಗಿನ ಗಾಳಿಯನ್ನೇ ಸುತ್ತಿಸಿದರೆ ಉಸಿರಿನ ತೇವ ಹೋಗುವುದಿಲ್ಲ. ಟೆಂಪರೇಚರ್ 22–23ರಲ್ಲಿ ನಿಂತಿತು, ಮಗುವಿಗೆ ಒಂದು ಸ್ವೆಟರ್ ಬಂತು.

ಕೆರೆಯ ಸುತ್ತು ಮತ್ತು ಶಾಲೆಯ ಸುತ್ತು ಒಂದಾಗಲಿಲ್ಲ. ವಾಕಿಂಗ್ ಹೊತ್ತು ಬದಲಿಸಲು ಯಜಮಾನರು ಒಪ್ಪಲಿಲ್ಲ. ಬದಲಿಗೆ ಭಾನುವಾರ ನಂಜನಗೂಡಿಗೆ ಹೋಗಿಬರುವುದು ಎಂದಾಯಿತು, ದೇವರ ದರ್ಶನವೂ ಆಗುತ್ತದೆ. ಒಂದು ಕಡೆಗೆ ಇಪ್ಪತ್ತಮೂರು ಕಿಲೋಮೀಟರ್ ಆಸುಪಾಸು, ಎಂಜಿನ್ ಹೊರೆ ಹೊತ್ತು ಅರ್ಧ ಗಂಟೆ ಓಡುತ್ತದೆ. ಅದಾಗದ ವಾರ ರಿಂಗ್ ರೋಡಿನಲ್ಲಿ ಒಂದು ಸುತ್ತು. ಚಾಮುಂಡಿ ಬೆಟ್ಟ ಹತ್ತಬಾರದೇ ಎಂಬ ಪ್ರಶ್ನೆ ಬಂತು. ಮನೆಯಿಂದ ನೇರ ಬೆಟ್ಟಕ್ಕೆ ಹೋದರೆ ತಣ್ಣನೆ ಎಂಜಿನ್ನಿಗೆ ಏಕಾಏಕಿ ಹೊರೆ, ಇಳಿಯುವಾಗ ಬರೀ ರೀಜನ್, ಅಂದರೆ ಚಕ್ರಗಳೇ ಮೋಟಾರು ತಿರುಗಿಸಿ ದೊಡ್ಡ ಬ್ಯಾಟರಿ ತುಂಬಿಸುವುದು. ಆಯಿಲ್ ಕಾಯಿಸಲು ಸಮತಟ್ಟಾದ ಉದ್ದ ರಸ್ತೆಯೇ ವಾಸಿ.

ಏನಾಯಿತು

ಮಾರ್ಚ್ ಹೊತ್ತಿಗೆ ಮೈಲೇಜ್ 18ಕ್ಕೆ ಬಂದು ನಿಂತಿತು. 22 ಆಗಲಿಲ್ಲ, ಆಗುವ ಹಾಗೂ ಇರಲಿಲ್ಲ. ಎರಡು-ಮೂರು ಕಿಲೋಮೀಟರಿನ ಸುತ್ತುಗಳು ಹಾಗೇ ಇವೆ, ತಣ್ಣನೆ ಎಂಜಿನ್ನಿನ ಖರ್ಚು ತಪ್ಪುವುದಿಲ್ಲ. ಆಯಿಲ್ ಮಟ್ಟ ಗುರುತು ದಾಟಲಿಲ್ಲ. ಮುಚ್ಚಳದ ಲೋಳೆ ಹೋಯಿತು, ಮನೆಗೆ ನೆಂಟರು ತುಂಬಿ ಎರಡು ಭಾನುವಾರ ತಪ್ಪಿದಾಗ ತೆಳ್ಳಗೆ ಮತ್ತೆ ಕಾಣಿಸಿತು, ನಂಜನಗೂಡಿಗೆ ಹೋಗಿಬಂದ ಮೇಲೆ ಮಾಯವಾಯಿತು. ಕಾರಣ ಸರಿಯಾಗಿ ಹಿಡಿದಿದ್ದೇವೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ. ಎಂಜಿನ್ ಬಿಚ್ಚುವ ಖರ್ಚು ಉಳಿಯಿತು.

ಇದರಲ್ಲಿ ಬೇರೆಯವರಿಗೆ ಬೇಕಾದ ಭಾಗ

ದಿನಾ ಇಂಥ ಚಿಕ್ಕ ಸುತ್ತನ್ನೇ ಹೊಡೆಯುವ ಕಾರನ್ನು ಸರ್ವಿಸ್ ಪುಸ್ತಕ ಕಠಿಣ ಬಳಕೆ ಎಂದೇ ಲೆಕ್ಕಕ್ಕೆ ಹಿಡಿಯುತ್ತದೆ. ಕಿಲೋಮೀಟರ್ ಆಗಿಲ್ಲ ಎಂದು ವರ್ಷಗಟ್ಟಲೆ ಆಯಿಲ್ ಮುಂದೂಡಬಾರದು, ಆರು ತಿಂಗಳಿಗೆ ಬದಲಿಸಿದರೆ ನಷ್ಟವಿಲ್ಲ. ಡಿಪ್‌ಸ್ಟಿಕ್ ತಿಂಗಳಿಗೊಮ್ಮೆ ನೋಡಿ, ಇಳಿದಿದೆಯೇ ಎಂದಷ್ಟೇ ಅಲ್ಲ, ಏರಿದೆಯೇ ಎಂದೂ ನೋಡಿ. ಏರಿದ್ದರೆ ಮೂಸಿ. ಲೋಳೆ ಮುಚ್ಚಳದಲ್ಲಿ ಮಾತ್ರ ಇದ್ದು ಕೂಲೆಂಟ್ ಇಳಿಯದಿದ್ದರೆ ಗ್ಯಾಸ್ಕೆಟ್ ಎಂಬ ಮಾತಿಗೆ ತಕ್ಷಣ ತಲೆಯಾಡಿಸಬೇಡಿ. ಡಿಪ್‌ಸ್ಟಿಕ್ಕಿನಲ್ಲೂ ಹಾಲುಬಣ್ಣ ಕಂಡು ಕೂಲೆಂಟೂ ಇಳಿದಿದ್ದರೆ ಕಾರು ಓಡಿಸದೆ ಟೋ ಮಾಡಿಸಿ, ಅದೂ ಮುಂದಿನ ಚಕ್ರ ನೆಲ ಮುಟ್ಟದ ಹಾಗೆ.

ಈ ಮನೆಯಲ್ಲಿ ಅನಾಹುತವಾಗದೆ ಉಳಿದದ್ದು ಒಂದಿದೆ. ‘ರೆಡಿ’ಯಲ್ಲಿ ಬಿಟ್ಟ ಹೈಬ್ರಿಡ್ ಸದ್ದಿಲ್ಲದೆ ನಿಂತಿರುತ್ತದೆ, ಬ್ಯಾಟರಿ ಇಳಿದಾಗ ಎಂಜಿನ್ ತಾನಾಗಿ ಏಳುತ್ತದೆ. ಮುಚ್ಚಿದ ಶೆಡ್ಡಿನಲ್ಲಿ, ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ಮಲಗುವ ಕೋಣೆಯ ಕಿಟಕಿಯಡಿ ಅದು ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಬಿಡುತ್ತದೆ. ಆ ಅನಿಲಕ್ಕೆ ವಾಸನೆಯಿಲ್ಲ. ಸೊಸೆಯ ಮೂಗಿಗೆ ಬಡಿದದ್ದು ಅದರ ಜೊತೆಗೆ ಬಂದ ಅರೆಬೆಂದ ಪೆಟ್ರೋಲ್. ‘ರೆಡಿ’ಯಲ್ಲಿರುವ ಕಾರಿನಲ್ಲಿ ಮಗುವನ್ನು ಕೂರಿಸಿ ಯಜಮಾನರು ಕಾಫಿಗೆ ಒಳಗೆ ಹೋದ ದಿನಗಳೂ ಇದ್ದವು. ಸದ್ದಿಲ್ಲದ್ದರಿಂದ ಅದು ಆಫ್ ಆಗಿದೆ ಎಂದು ಎಲ್ಲರೂ ತಿಳಿದಿದ್ದರು.

ಸಣ್ಣ ಬ್ಯಾಟರಿ ಸತ್ತರೆ ಇನ್ನೊಂದು ಕಾರಿನಿಂದ ಜಂಪ್ ಕೊಡಬಹುದು, ಎಬ್ಬಿಸಬೇಕಾದದ್ದು ಕಂಪ್ಯೂಟರನ್ನು ಮಾತ್ರ ಆದ್ದರಿಂದ ಸಣ್ಣ ಕಾರಿನ ಬ್ಯಾಟರಿಯೂ ಸಾಕು. ನಿಮ್ಮ ಹೈಬ್ರಿಡ್‌ನಿಂದ ದೊಡ್ಡ ಡೀಸೆಲ್ ಗಾಡಿಗೆ ಜಂಪ್ ಕೊಡಲು ಹೋಗಬೇಡಿ.

ಇನ್ನು ನಿಜವಾದ ಚಳಿ. ಜನವರಿಯಲ್ಲಿ ಊಟಿಗೆ ಹೋಗಿ ರಾತ್ರಿ ಉಳಿದರೆ ಬೆಳಿಗ್ಗೆ ಗಾಜಿನ ಮೇಲೆ ಬಿಳಿ ಪೊರೆ ಕಟ್ಟಿರಬಹುದು. ಅಲ್ಲೂ ಅರ್ಧ ನಿಮಿಷಕ್ಕಿಂತ ಹೆಚ್ಚು ಕಾಯುವುದು ಗಾಜಿಗಾಗಿ, ಎಂಜಿನ್ನಿಗಾಗಿ ಅಲ್ಲ. ಬಿಸಿನೀರು ಸುರಿದರೆ ಗಾಜು ಸೀಳಬಹುದು. ವೈಪರ್ ರಬ್ಬರ್ ಗಾಜಿಗೆ ಹಿಡಿದುಕೊಂಡಿದ್ದರೆ ಸ್ವಿಚ್ ಹಾಕದೆ ಮೊದಲು ಕೈಯಲ್ಲಿ ಎತ್ತಿ ಬಿಡಿಸಿ, ಹಳೇ ಪ್ಲಾಸ್ಟಿಕ್ ಕಾರ್ಡಿನಿಂದ ಪೊರೆ ಕೆರೆದು, ಡಿಫಾಗ್ ಹಾಕಿ. ಅಷ್ಟು ಚಳಿಯಲ್ಲಿ ದೊಡ್ಡ ಬ್ಯಾಟರಿ ಚಾರ್ಜ್ ತೆಗೆದುಕೊಳ್ಳುವುದು ನಿಧಾನ, ಹಾಗಾಗಿ ಬೆಳಗಿನ ಮೊದಲ ಇಳಿಜಾರುಗಳಲ್ಲಿ ರೀಜನ್ ಹಿಡಿತ ಕಡಿಮೆ ಅನ್ನಿಸಬಹುದು. ಊಟಿಯಿಂದ ಘಾಟಿ ಇಳಿಯುವಾಗ ಗೇರನ್ನು ಇಳಿಜಾರಿನಲ್ಲಿ ಎಂಜಿನ್ ಹಿಡಿತ ಹೆಚ್ಚಿಸುವ ‘ಬಿ’ಗೆ ಹಾಕಿ, ಬ್ರೇಕ್ ಒಂದನ್ನೇ ನೆಚ್ಚಿಕೊಳ್ಳಬೇಡಿ.